ಫೋನ್ ಮಾಡಿದರೆ ಹೊಣೆ ಮುಗಿಯಿತೇ?

ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಮಗ್ರಿಬ್ ನಮಾಝ್ ಮುಗಿಸಿ ನೀವು ಹೆದ್ದಾರಿಯ ಬದಿಯಲ್ಲಿ ಮನೆಯತ್ತ ನಡೆಯುತ್ತಿದ್ದೀರಿ. ನಿಮ್ಮ ಕಣ್ಣೆದುರೇ ಲಾರಿಯೊಂದು ಬೈಕಿಗೆ ತಾಗಿ, ನಿಲ್ಲದೆ ಹೊರಟು ಹೋಗುತ್ತದೆ. ರಸ್ತೆಯಂಚಿನಲ್ಲಿ ಒಬ್ಬ ಯುವಕ ಬಿದ್ದಿದ್ದಾನೆ. ತೊಡೆಯಿಂದ ರಕ್ತ ಹರಿಯುತ್ತಿದೆ. ನೋಡನೋಡುತ್ತಿದ್ದಂತೆ ಇಪ್ಪತ್ತು ಮಂದಿ ಸೇರುತ್ತಾರೆ. ಅವರಲ್ಲೊಬ್ಬರು 108ಕ್ಕೆ ಫೋನ್ ಮಾಡುತ್ತಾರೆ. "ಫೋನ್ ಮಾಡಿ ಆಯಿತು, ಆಂಬುಲೆನ್ಸ್ ಬರುತ್ತಿದೆ" ಎಂಬ ಮಾತು ಬಾಯಿಂದ ಬಾಯಿಗೆ ಹರಡುತ್ತದೆ. ಎಲ್ಲರ ಮುಖದಲ್ಲೂ ನಿರಾಳತೆ ಕಾಣುತ್ತದೆ. ಆಮೇಲೆ ಇಪ್ಪತ್ತು ಮಂದಿಯೂ ಕೈಕಟ್ಟಿ ನಿಂತು ರಸ್ತೆಯ ತಿರುವಿನತ್ತ ನೋಡತೊಡಗುತ್ತಾರೆ. ಕೆಲವರು ಮೊಬೈಲ್ ಎತ್ತಿ ಚಿತ್ರ ತೆಗೆಯುತ್ತಾರೆ. ರಕ್ತ ಮಾತ್ರ ಯಾರಿಗೂ ಕಾಯದೆ ಹರಿಯುತ್ತಲೇ ಇರುತ್ತದೆ.

ಆ ನಿರಾಳತೆಯ ಬಗ್ಗೆ ಇಲ್ಲಿ ಸ್ವಲ್ಪ ಯೋಚಿಸೋಣ. ಅದು ನ್ಯಾಯವಾದುದೇ? ಸರಕಾರವು ಒಂದು ಕೆಲಸಕ್ಕೆ ವಾಹನವನ್ನೂ ಸಿಬ್ಬಂದಿಯನ್ನೂ ನೇಮಿಸಿದ ಮೇಲೆ, ಆ ಕೆಲಸದ ಹೊಣೆಯಿಂದ ನಾವು ಮುಕ್ತರಾದೆವೇ? ಜೀವ ಉಳಿಸುವ ಕರ್ತವ್ಯವನ್ನು ಒಂದು ಫೋನ್ ಕರೆಯ ಮೂಲಕ ಇನ್ನೊಬ್ಬರ ಕೈಗೆ ದಾಟಿಸಿ ನಾವು ಅಲ್ಲಾಹನ ಮುಂದೆ ನಿರ್ದೋಷಿಗಳಾಗಿ ನಿಲ್ಲಬಹುದೇ?

ನೆವಗಳು ಒಂದೊಂದಾಗಿ ಹೋದವು

ಒಂದು ಕಾಲದಲ್ಲಿ ಗಾಯಾಳುವನ್ನು ಮುಟ್ಟಲು ಜನ ಹೆದರುತ್ತಿದ್ದುದಕ್ಕೆ ಕಾರಣವಿತ್ತು. ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆಸ್ಪತ್ರೆಗೆ ಒಯ್ದವನನ್ನೇ ಪೊಲೀಸರು ಪ್ರಶ್ನಿಸುತ್ತಿದ್ದರು, ಸಾಕ್ಷಿಯೆಂದು ಕೋರ್ಟಿಗೆ ಅಲೆಸುತ್ತಿದ್ದರು. ಆಸ್ಪತ್ರೆಯವರು "ಇದು ಪೊಲೀಸ್ ಕೇಸು, ಬೇರೆ ಕಡೆ ಒಯ್ಯಿರಿ" ಎನ್ನುತ್ತಿದ್ದರು. ಹೀಗೆಯೇ ಸ್ಕೂಟರ್ ಸವಾರನೊಬ್ಬನನ್ನು ಒಂದು ಆಸ್ಪತ್ರೆ ಸೇರಿಸಿಕೊಳ್ಳದೆ ಸುಮಾರು 20 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳುಹಿಸಿತು. ಆತ ದಾರಿಯಲ್ಲೇ ಪ್ರಾಣ ಬಿಟ್ಟ. ಆ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿ ನ್ಯಾಯಾಲಯವು ಸ್ಪಷ್ಟವಾಗಿ ಹೇಳಿತು: ಜೀವ ಉಳಿಸುವುದು ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ, ಕಾನೂನಿನ ವಿಧಿವಿಧಾನಗಳು ಆಮೇಲಿನ ಮಾತು.

ತೀರ್ಪು ಬಂತು, ಆದರೆ ಬಾಗಿಲುಗಳು ತೆರೆಯಲಿಲ್ಲ. 1992ರ ಜುಲೈ 8ರಂದು ಪಶ್ಚಿಮ ಬಂಗಾಳದ ಹಕೀಂ ಶೇಖ್ ಎಂಬ ಕೃಷಿ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡರು. ಅವರನ್ನು ಒಂದರ ನಂತರ ಒಂದು ಸರಕಾರಿ ಆಸ್ಪತ್ರೆಗೆ ಹೊತ್ತು ತಿರುಗಲಾಯಿತು. ಒಂದು ಕಡೆ ಸೌಲಭ್ಯವಿಲ್ಲ, ಇನ್ನೊಂದು ಕಡೆ ಹಾಸಿಗೆ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆ ಸೇರಿ, ಸುಮಾರು 17,000 ರೂಪಾಯಿ ತೆತ್ತು ಅವರು ಬದುಕಿಕೊಂಡರು. ಆ ಕಾಲದ ಕೂಲಿಕಾರನಿಗೆ 17,000 ರೂಪಾಯಿ ಎಂದರೆ ಏನೆಂದು ನೀವೇ ಲೆಕ್ಕ ಹಾಕಿ. 1996ರಲ್ಲಿ ಸುಪ್ರೀಂ ಕೋರ್ಟು ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ತುರ್ತು ಚಿಕಿತ್ಸೆ ನೀಡದಿರುವುದು ಸಂವಿಧಾನದ 21ನೇ ವಿಧಿಯು ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದೂ, ಹಣದ ಕೊರತೆಯ ಹೆಸರಿನಲ್ಲಿ ಸರಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲವೆಂದೂ ಅದು ಹೇಳಿತು.

ಆನಂತರ ಒಂದೊಂದೇ ವ್ಯವಸ್ಥೆ ಬಂತು. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 108 ಸೇವೆ ಆರಂಭವಾಯಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಗಾಯಾಳುವಿಗೆ ನೆರವಾದವರನ್ನು ಸತಾಯಿಸಬಾರದೆಂಬ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕವು ಅದೇ ವರ್ಷ ಇಂತಹ ಪರೋಪಕಾರಿಗಳ ರಕ್ಷಣೆಗಾಗಿ ತನ್ನದೇ ಮಸೂದೆಯನ್ನು ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಹೊಸ ಕಲಮು ಸೇರಿತು. ಸದುದ್ದೇಶದಿಂದ, ಪ್ರತಿಫಲದ ಆಸೆಯಿಲ್ಲದೆ ನೆರವಾದವನ ಮೇಲೆ, ಗಾಯಾಳು ಸತ್ತರೂ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲವೆಂದು ಅದು ಹೇಳುತ್ತದೆ. ಅಪಘಾತವಾದ ನಂತರದ ಮೊದಲ ಒಂದು ಗಂಟೆಗೆ 'ಗೋಲ್ಡನ್ ಅವರ್' ಎಂಬ ಹೆಸರೂ ಕಾಯ್ದೆಯಲ್ಲಿ ದಾಖಲಾಯಿತು. 2025ರ ಮೇ ತಿಂಗಳಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳ ಒಳಗಿನ ಚಿಕಿತ್ಸೆಗೆ ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ನೆರವು ನೀಡುವ ಕೇಂದ್ರ ಯೋಜನೆಯೂ ಜಾರಿಗೆ ಬಂತು.

ಇವೆಲ್ಲ ಕಾಗದದಲ್ಲಿ ಇದ್ದಷ್ಟೇ ಚೆನ್ನಾಗಿ ನೆಲದ ಮೇಲೂ ನಡೆಯುತ್ತಿವೆ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ: 'ಪೊಲೀಸರ ಭಯ', 'ಕೋರ್ಟಿನ ಅಲೆದಾಟ', 'ಆಸ್ಪತ್ರೆಯ ಬಿಲ್ಲು' ಎಂಬ ನಮ್ಮ ಮೂರು ಹಳೆಯ ನೆವಗಳನ್ನು ಕಾನೂನು ನಮ್ಮ ಕೈಯಿಂದ ಕಿತ್ತುಕೊಂಡಿದೆ. ಉಝ್ರ್ ಇದ್ದಾಗ ಬಿಟ್ಟುಹೋದ ಕರ್ತವ್ಯಕ್ಕೂ, ಉಝ್ರ್ ನೀಗಿದ ಮೇಲೂ ಬಿಟ್ಟುಬಿಟ್ಟ ಕರ್ತವ್ಯಕ್ಕೂ ಇರುವ ಅಂತರ ಪ್ರತಿಯೊಬ್ಬ ನಮಾಝಿಗೂ ಗೊತ್ತು. ಹಾಗಿದ್ದರೂ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಪ್ರಾಣ ಕಳೆದುಕೊಂಡರು.

ಸಾಮೂಹಿಕ ಹೊಣೆಯ ಅರ್ಥ

ನಮ್ಮ ಫುಕಹಾಗಳು ಕರ್ತವ್ಯಗಳನ್ನು ಎರಡಾಗಿ ವಿಂಗಡಿಸಿದ್ದಾರೆ. ಫರ್ಝ್ ಐನ್ ಎಂದರೆ ಪ್ರತಿಯೊಬ್ಬನೂ ತಾನೇ ನೆರವೇರಿಸಬೇಕಾದುದು. ಐದು ಹೊತ್ತಿನ ನಮಾಝನ್ನು ನನ್ನ ಪರವಾಗಿ ಇನ್ನೊಬ್ಬರು ಮಾಡಲಾಗದು. ಫರ್ಝ್ ಕಿಫಾಯ ಎಂದರೆ ಸಮುದಾಯದ ಮೇಲಿನ ಹೊಣೆ. ಸಾಕಷ್ಟು ಮಂದಿ ಅದನ್ನು ನೆರವೇರಿಸಿದರೆ ಉಳಿದವರ ಹೊಣೆ ಇಳಿಯುತ್ತದೆ. ಯಾರೂ ಮಾಡದಿದ್ದರೆ ಗೊತ್ತಿದ್ದೂ ಕೈಕಟ್ಟಿ ಕುಳಿತವರೆಲ್ಲರೂ ಪಾಪಿಗಳಾಗುತ್ತಾರೆ. ಜನಾಝಾ ನಮಾಝ್ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ.

"ಸರಕಾರವು 108ನ್ನು ಇಟ್ಟಿದೆ. ಆದ್ದರಿಂದ ಸಾಕಷ್ಟು ಮಂದಿ ನೆರವೇರಿಸುತ್ತಿದ್ದಾರೆ. ನಮ್ಮ ಹೊಣೆ ಇಳಿಯಿತು" ಎಂದು ಯಾರಾದರೂ ವಾದಿಸಬಹುದು. ಮೇಲುನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ 'ಕಿಫಾಯ' ಎಂಬ ಪದದ ಅರ್ಥವೇ 'ಸಾಕಾಗುವುದು' ಎಂದು. ಯಾರೋ ಒಬ್ಬರು ಆ ಕೆಲಸಕ್ಕೆ ನೇಮಕವಾಗಿದ್ದಾರೆ ಎಂದ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲ; ಕೆಲಸ ಸಾಕಾಗುವಷ್ಟು ನಡೆದಾಗ ಮಾತ್ರ ಇಳಿಯುತ್ತದೆ. ಮಯ್ಯಿತ್ ಮನೆಯಲ್ಲಿ ಇದೆ, ಖಬರ್ ತೋಡುವವನಿಗೆ ಫೋನ್ ಮಾಡಿ ಆಯಿತು ಎಂದು ಇಡೀ ಮಹಲ್ಲಾ ಮಲಗಿಬಿಡುತ್ತದೆಯೇ? ಇಲ್ಲ. ದಫನ್ ಮುಗಿಯುವವರೆಗೆ ಯಾರ ಮನಸ್ಸಿಗೂ ಸಮಾಧಾನವಿರುವುದಿಲ್ಲ.

ಇಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ನಮ್ಮ ಬಹುತೇಕ ಮಸೀದಿಗಳಲ್ಲಿ ಮಯ್ಯಿತ್ ಹೊರುವ ಮಂಚ ಇರುತ್ತದೆ. ಅದನ್ನು ತೊಳೆದು, ಬಣ್ಣ ಬಳಿದು ಜೋಪಾನವಾಗಿ ಇಡುತ್ತೇವೆ. ಅದು ಒಳ್ಳೆಯದೇ. ಆದರೆ ಇನ್ನೂ ಉಸಿರಾಡುತ್ತಿರುವವನನ್ನು ಎತ್ತಲು ಒಂದು ಸ್ಟ್ರೆಚರ್ ಎಷ್ಟು ಮಸೀದಿಗಳಲ್ಲಿದೆ? ಮಯ್ಯಿತ್ ಸ್ನಾನ ಮಾಡಿಸುವ ಕ್ರಮ ಬಲ್ಲವರು ಪ್ರತಿ ಮಹಲ್ಲಾದಲ್ಲೂ ನಾಲ್ಕು ಜನ ಸಿಗುತ್ತಾರೆ. ಹರಿಯುವ ರಕ್ತವನ್ನು ನಿಲ್ಲಿಸುವ ಕ್ರಮ ಬಲ್ಲವರು ಎಷ್ಟು ಮಂದಿ ಇದ್ದಾರೆ? ಸತ್ತವನ ಹಕ್ಕಿಗೆ ಇಷ್ಟು ಸಿದ್ಧರಾಗಿರುವ ನಾವು, ಸಾಯದಂತೆ ತಡೆಯಬಹುದಾದವನ ಹಕ್ಕಿಗೆ ಏಕೆ ಸಿದ್ಧರಾಗಿಲ್ಲ?

ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದವನಿಗೆ ಸಮಾನನೆಂದು ಸೂರಃ ಅಲ್ ಮಾಇದ ನಮಗೆ ಕಲಿಸುತ್ತದೆ. ನಮಾಝಿನಲ್ಲಿ ನಿಂತವನು ಎದುರಿಗೆ ಯಾರಾದರೂ ಮುಳುಗುತ್ತಿರುವುದನ್ನೋ, ಕುರುಡನೊಬ್ಬ ಬಾವಿಗೆ ಬೀಳಲಿರುವುದನ್ನೋ ಕಂಡರೆ, ನಮಾಝನ್ನು ಮುರಿದು ಓಡಬೇಕೆಂದು ಫುಕಹಾಗಳು ಹೇಳಿದ್ದಾರೆ. ನಮಾಝನ್ನೇ ಮುರಿಯಬಹುದಾದ ಕೆಲಸಕ್ಕೆ ನಾವು ನಮ್ಮ ನೋಟವನ್ನಾದರೂ ಮೊಬೈಲಿನಿಂದ ಕಿತ್ತುಕೊಳ್ಳಬೇಡವೇ?

ಬರುವವರೆಗಿನ ಹತ್ತು ನಿಮಿಷ

ಆಂಬುಲೆನ್ಸ್ ಎಷ್ಟೇ ವೇಗವಾಗಿ ಬಂದರೂ ಅದಕ್ಕೆ ದಾರಿ ಸಾಗಬೇಕು. ಹೃದಯ ನಿಂತವನ ಮೆದುಳು ನಾಲ್ಕೈದು ನಿಮಿಷಗಳಲ್ಲೇ ಹಾನಿಗೊಳ್ಳತೊಡಗುತ್ತದೆ. ದೊಡ್ಡ ರಕ್ತನಾಳ ತುಂಡಾದವನಿಗೆ ಅಷ್ಟು ಹೊತ್ತೂ ಇರದಿರಬಹುದು. ಜಗತ್ತಿನ ಅತ್ಯಂತ ಶ್ರೀಮಂತ ಸರಕಾರವೂ ಪ್ರತಿ ಮೈಲುಗಲ್ಲಿನ ಬಳಿ ಒಂದು ಆಂಬುಲೆನ್ಸ್ ನಿಲ್ಲಿಸಲಾರದು. ಹೀಗಾಗಿ ಮೊದಲ ಕೆಲವು ನಿಮಿಷಗಳು ಯಾವಾಗಲೂ ಹತ್ತಿರದಲ್ಲಿದ್ದವನಿಗೇ ಸೇರಿದವು. ಆ ಕ್ಷಣದಲ್ಲಿ, ಅಲ್ಲಿ, ನಿಮ್ಮ ಹೊರತು ಬೇರೆ ಯಾರೂ ಇಲ್ಲವೆಂದಾದರೆ ಫರ್ಝ್ ಕಿಫಾಯವು ನಿಮ್ಮ ಪಾಲಿಗೆ ಫರ್ಝ್ ಐನ್ ಆಗಿಬಿಡುತ್ತದೆ. ಇದೂ ಫುಕಹಾಗಳು ಹೇಳಿದ ಮಾತೇ.

ಆದರೆ ಒಳ್ಳೆಯ ಮನಸ್ಸೊಂದಿದ್ದರೆ ಸಾಲದು. ಅರಿವಿಲ್ಲದ ನೆರವು ಹಾನಿ ಮಾಡೀತು. ನಮ್ಮಲ್ಲಿ ಬಿದ್ದವನಿಗೆ ಮೊದಲು ನೀರು ಕುಡಿಸುವ ರೂಢಿಯಿದೆ. ಪ್ರಜ್ಞೆ ಇಲ್ಲದವನ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದು ಅಪಾಯವಾಗುತ್ತದೆ. ಕೈಕಾಲು ಹಿಡಿದು ಆಟೋದ ಸೀಟಿಗೆ ತುರುಕುತ್ತೇವೆ. ಕುತ್ತಿಗೆಯ ಮೂಳೆ ಮುರಿದಿದ್ದರೆ ಅವನು ಜೀವಮಾನವಿಡೀ ಹಾಸಿಗೆ ಹಿಡಿಯಬಹುದು. ಅಪಸ್ಮಾರ ಬಂದವನ ಕೈಗೆ ಕಬ್ಬಿಣದ ಬೀಗದಕೈ ಕೊಡುತ್ತೇವೆ. ಅದರಿಂದ ಏನೂ ಆಗದು. ಅವನ ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಸೆಳೆತ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿದರೆ ಸಾಕು. ರಕ್ತ ಹರಿಯುವಲ್ಲಿ ಶುಭ್ರ ಬಟ್ಟೆಯನ್ನಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಿ ಹಿಡಿಯಬೇಕು. ಬಟ್ಟೆ ನೆನೆದರೆ ತೆಗೆಯದೆ ಮೇಲೆ ಇನ್ನೊಂದನ್ನು ಇಡಬೇಕು. ಉಸಿರು ನಿಂತ ದೊಡ್ಡವರಿಗೆ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಇದನ್ನು ಓದಿ ಕಲಿಯುವುದಕ್ಕಿಂತ ಬಲ್ಲವರ ಮುಂದೆ ಮಾಡಿ ಕಲಿಯಬೇಕು. ಅದಕ್ಕೆ ಒಂದು ಮಧ್ಯಾಹ್ನ ಸಾಕು.

ವೈದ್ಯವನ್ನು ಅರಿಯದೆ ವೈದ್ಯನಾಗುವವನು ಹಾನಿಗೆ ಹೊಣೆಯೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. "ಹಾಗಾದರೆ ಸುಮ್ಮನಿರುವುದೇ ಕ್ಷೇಮ" ಎಂದು ಇದರಿಂದ ತೀರ್ಮಾನಿಸುವವರು ತಪ್ಪು ತಿಳಿದಿದ್ದಾರೆ. ಅರಿವಿಲ್ಲದಿರುವುದು ಅಪಾಯವಾದರೆ ಅರಿಯುವುದೇ ಕರ್ತವ್ಯ. ಇಮಾಂ ಗಝಾಲಿ(ರ)ಯವರು ವೈದ್ಯಶಾಸ್ತ್ರವನ್ನು ಫರ್ಝ್ ಕಿಫಾಯಗಳ ಸಾಲಿಗೆ ಸೇರಿಸಿದ್ದಾರೆ. ಎಲ್ಲರೂ ಫಿಕ್‌ಹ್ ಕಲಿಯಲು ಮುಗಿಬಿದ್ದು, ವೈದ್ಯ ಕಲಿಯುವವರಿಲ್ಲದೆ ಊರುಗಳು ಬರಿದಾಗಿರುವುದನ್ನು ಕಂಡು ಒಂಬೈನೂರು ವರ್ಷಗಳ ಹಿಂದೆಯೇ ಅವರು ಮರುಗಿದ್ದರು. ಮದ್ರಸದಲ್ಲಿ ಪಾಠ ಹೇಳುವ ನನ್ನಂಥವರಿಗೆ ಆ ಮಾತು ಇಂದಿಗೂ ಚುಚ್ಚಬೇಕು.

ಆಂಬುಲೆನ್ಸಿನ ಒಳಗಿರುವವರು

ಈಗ ತಿರುವಿನಲ್ಲಿ ಸೈರನ್ ಕೇಳಿಸಿತು ಎಂದುಕೊಳ್ಳಿ. ವಾಹನದಿಂದ ಇಬ್ಬರು ಇಳಿಯುತ್ತಾರೆ. ಚಾಲಕನನ್ನು ಅವರ ಭಾಷೆಯಲ್ಲಿ 'ಪೈಲಟ್' ಎನ್ನುತ್ತಾರೆ. ಇನ್ನೊಬ್ಬರು ತುರ್ತು ವೈದ್ಯಕೀಯ ತಂತ್ರಜ್ಞ, ಅಂದರೆ ಪ್ಯಾರಾಮೆಡಿಕ್. ಆಸ್ಪತ್ರೆ ತಲುಪುವವರೆಗೆ ಗಾಯಾಳುವಿನ ಜೀವ ಅಲ್ಲಾಹನ ಇಚ್ಛೆಯಂತೆ ಇವರ ಕೈಯಲ್ಲಿರುತ್ತದೆ. ನಮ್ಮ ಪೈಕಿ ಎಷ್ಟು ಜನರಿಗೆ ಇವರ ಹೆಸರು ಗೊತ್ತು?

ಈ ಉದ್ಯೋಗ ಬಹಳ ಹಳೆಯದಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಅರವತ್ತರ ದಶಕದವರೆಗೂ ರೋಗಿಗಳನ್ನು ಒಯ್ಯುತ್ತಿದ್ದುದು ಹೆಚ್ಚಾಗಿ ಪೊಲೀಸ್ ವ್ಯಾನುಗಳು. ದಾರಿಯಲ್ಲಿ ಚಿಕಿತ್ಸೆ ಎಂಬುದು ಇರಲಿಲ್ಲ. ಅಲ್ಲಿನ ಪೀಟರ್ ಸಫಾರ್ ಎಂಬ ವೈದ್ಯರು 1966ರಲ್ಲಿ ತಮ್ಮ ಹನ್ನೊಂದು ವರ್ಷದ ಮಗಳನ್ನು ಉಬ್ಬಸದಿಂದ ಕಳೆದುಕೊಂಡರು. ಮರುವರ್ಷವೇ ಅವರು, 'ಕೆಲಸಕ್ಕೆ ಬಾರದವರು' ಎಂದು ಸಮಾಜ ಬದಿಗೊತ್ತಿದ್ದ ಕಪ್ಪು ಜನಾಂಗದ ಯುವಕರನ್ನು ಆರಿಸಿ, ಸುಮಾರು 300 ಗಂಟೆಗಳ ತರಬೇತಿ ನೀಡುವ ಕೆಲಸಕ್ಕೆ ಕೈಹಾಕಿದರು. 'ಫ್ರೀಡಂ ಹೌಸ್' ಎಂಬ ಆ ಆಂಬುಲೆನ್ಸ್ ಸೇವೆಯೇ ಆ ದೇಶದ ಪ್ಯಾರಾಮೆಡಿಕ್ ವ್ಯವಸ್ಥೆಗೆ ಮೊದಲ ಮಾದರಿಗಳಲ್ಲಿ ಒಂದಾಯಿತು. 1975ರಲ್ಲಿ ನಗರಾಡಳಿತವು ತನ್ನದೇ ಸೇವೆ ಆರಂಭಿಸಿ ಇದನ್ನು ಮುಚ್ಚಿಸಿತು. ದಾರಿ ತೋರಿದ ಆ ಯುವಕರಲ್ಲಿ ಅನೇಕರು ಮೂಲೆಗುಂಪಾದರು. ಜೀವ ಉಳಿಸುವ ಕೈಗಳನ್ನು ಬಳಸಿಕೊಂಡು ಮರೆಯುವುದು ಎಲ್ಲ ಕಡೆಯೂ ಇರುವ ರೋಗ.

ನಮ್ಮಲ್ಲಿ ಈ ಕೆಲಸಗಾರರಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದೇ ತಡವಾಗಿ. ವೈದ್ಯಕೀಯಕ್ಕೆ ಪೂರಕವಾದ ವೃತ್ತಿಗಳಿಗಾಗಿ ಸಂಸತ್ತು ರಾಷ್ಟ್ರೀಯ ಆಯೋಗವೊಂದರ ಕಾಯ್ದೆಯನ್ನು ಮಾಡಿದ್ದು 2021ರಲ್ಲಿ. ತರಬೇತಿಗೆ ಒಂದೇ ಮಟ್ಟ, ಹೆಸರಿನ ನೋಂದಣಿ, ವೃತ್ತಿಗೆ ಒಂದು ಗೌರವ ಇವು ಅದರ ಉದ್ದೇಶ. ಆದರೆ 2024ರ ಮೇ ತಿಂಗಳಲ್ಲೂ ನಮ್ಮ ರಾಜ್ಯದ 108 ಸಿಬ್ಬಂದಿ ಬಾಕಿ ವೇತನಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಡಬೇಕಾಯಿತು. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ನಾವು ಮನೆಗೆಲಸದವರ ವಿಷಯದಲ್ಲಿ ನೆನಪಿಸಿಕೊಳ್ಳುತ್ತೇವೆ. ನಮ್ಮೆಲ್ಲರ ಪರವಾಗಿ ಫರ್ಝ್ ಕಿಫಾಯ ನೆರವೇರಿಸುವವರ ಬೆವರಿನ ಬಗ್ಗೆ ನಮಗೇನೂ ಅನಿಸುವುದಿಲ್ಲವೇ? ಅವರ ವಾಹನಕ್ಕೆ ದಾರಿ ಬಿಡುವುದು, ತಡವಾಯಿತೆಂದು ಅವರ ಮೇಲೆ ಕೈಮಾಡದಿರುವುದು, ಅವರ ಸಂಬಳಕ್ಕಾಗಿ ಶಾಸಕರನ್ನು ಕೇಳುವುದು, ಇವೂ ಆ ಕರ್ತವ್ಯದ ಭಾಗಗಳೇ.

ಎರಡು ಆಕ್ಷೇಪಗಳು

ಕೆಲವರು ಹೀಗೆ ಕೇಳಬಹುದು: "ಕಂದಾಯ ಕಟ್ಟುವವರು ನಾವು. ಸರಕಾರದ ಕೆಲಸವನ್ನು ನಾವೇ ಮಾಡುತ್ತ ಹೋದರೆ ಅದು ಇನ್ನಷ್ಟು ಸೋಮಾರಿಯಾಗುವುದಿಲ್ಲವೇ?" ಈ ಮಾತಿನಲ್ಲಿ ಸತ್ಯವಿದೆ. ಫುರಾತ್ ನದಿಯ ದಡದಲ್ಲಿ ಒಂದು ಕುರಿ ಸತ್ತರೂ ತಾನು ಅಲ್ಲಾಹನಿಗೆ ಉತ್ತರ ಹೇಳಬೇಕಾದೀತೆಂದು ಹಝ್ರತ್ ಉಮರ್(ರ)ರು ಅಂಜುತ್ತಿದ್ದರೆಂದು ವರದಿಯಾಗಿದೆ. ಆಳುವವರ ಹೊಣೆ ಅಂಥದ್ದು. ಆದ್ದರಿಂದ ಕೇಳಬೇಕು, ಬಿಡದೆ ಕೇಳಬೇಕು. ತಾಲೂಕಿನಲ್ಲಿ ಎಷ್ಟು ಆಂಬುಲೆನ್ಸ್ ಇವೆ, ಅವುಗಳಲ್ಲಿ ಎಷ್ಟು ಕೆಟ್ಟು ನಿಂತಿವೆ ಎಂದು ಕೇಳಬೇಕು. ಆದರೆ ಕೇಳುವ ಸ್ಥಳ ಕಚೇರಿ, ಕೇಳುವ ಸಮಯ ಹಗಲು. ಗಾಯಾಳುವಿನ ತಲೆಯ ಬಳಿ ನಿಂತು ಸರಕಾರವನ್ನು ಬೈಯುವುದು ಹಕ್ಕಿನ ಮಾತಾಗದು; ಅದು ಕೈ ಒದ್ದೆ ಮಾಡಿಕೊಳ್ಳದಿರಲು ಹುಡುಕಿದ ಇನ್ನೊಂದು ನೆವವಷ್ಟೇ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದುದು. ಗಂಭೀರ ಗಾಯಾಳುವನ್ನು ಮೊದಲ ಗಂಟೆಯೊಳಗೆ ಆಸ್ಪತ್ರೆಗೆ ತಲುಪಿಸಿದವರಿಗೆ ಕೇಂದ್ರ ಸರಕಾರವು 2021ರಲ್ಲಿ 5,000 ರೂಪಾಯಿ ಬಹುಮಾನ ಘೋಷಿಸಿತ್ತು. 2025ರಲ್ಲಿ ಅದನ್ನು 25,000ಕ್ಕೆ ಏರಿಸಿತು. ಹಣಕ್ಕಾಗಿ ಜೀವ ಉಳಿಸಿದರೆ ಆ ಕರ್ಮಕ್ಕೆ ಬೆಲೆಯಿದೆಯೇ? ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂಬುದು ನಮ್ಮ ದೀನಿನ ಬುನಾದಿ. ಆದರೆ ಸರಕಾರ ನಿಯ್ಯತ್ತನ್ನು ಅಳೆಯಲಾರದು, ಅದು ಉಳಿದ ಜೀವಗಳನ್ನು ಎಣಿಸುತ್ತದೆ. ಅದರ ಕೆಲಸ ಅದು. ನಿಯ್ಯತ್ತನ್ನು ನೋಡುವವನು ಬೇರೆ ಇದ್ದಾನೆ. ಹಣದ ಆಸೆಯಿಂದ ಎತ್ತಿದವನ ಕೈಯಲ್ಲೂ ಗಾಯಾಳು ಬದುಕುತ್ತಾನೆ. ಎತ್ತಿದವನ ಪಾಲಿನ ಪ್ರತಿಫಲ ಮಾತ್ರ ಇಲ್ಲೇ ಮುಗಿದುಹೋಗಬಹುದು. ಬಹುಮಾನ ಸಿಗದೆಂದು ಗೊತ್ತಿದ್ದರೂ ಎತ್ತುತ್ತಿದ್ದೆನೇ ಎಂದು ನಾವು ನಮ್ಮನ್ನೇ ಕೇಳಿಕೊಂಡರೆ ಉತ್ತರ ಅಲ್ಲಿಯೇ ಸಿಗುತ್ತದೆ.

ಯಾರು ಮೊದಲು?

ಆಂಬುಲೆನ್ಸಿನವರು ಕಲಿಯುವ ಮೊದಲ ಪಾಠಗಳಲ್ಲಿ ಒಂದು, ಹಲವರು ಬಿದ್ದಿರುವಲ್ಲಿ ಯಾರನ್ನು ಮೊದಲು ನೋಡಬೇಕು ಎಂಬುದು. ಯಾರು ಹೆಚ್ಚು ಕೂಗುತ್ತಾರೋ ಅವರನ್ನಲ್ಲ. ಯಾರ ಜೀವ ಹೆಚ್ಚು ಅಪಾಯದಲ್ಲಿದೆಯೋ ಅವರನ್ನು. ಅಲ್ಲಿ ಹಣ, ಹುದ್ದೆ, ಧರ್ಮ, ಜಾತಿ ಯಾವುದೂ ಲೆಕ್ಕಕ್ಕಿಲ್ಲ. ನಮಗಿದು ಹೊಸ ಪಾಠವಲ್ಲ. ಖಂದಕ್ ಯುದ್ಧದ ಕಾಲದಲ್ಲಿ ಮದೀನಾದ ಮಸೀದಿಯಲ್ಲೇ ಗಾಯಾಳುವಿಗಾಗಿ ಡೇರೆ ಹಾಕಲಾಗಿತ್ತು. ರುಫೈದಾ(ರ) ಎಂಬ ಮಹಿಳೆ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್‌ನ ಆದಾಯದಿಂದ ನಡೆಯುತ್ತಿತ್ತು. ಬಡವ ಬಲ್ಲಿದ, ಊರಿನವ ಪರದೇಶಿ ಎಂಬ ಭೇದವಿಲ್ಲದೆ ಅದು ತೆರೆದಿತ್ತು.

2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಬಳಿ, ನೆಲಮಂಗಲದ ಹತ್ತಿರ ಹರೀಶ್ ನಂಜಪ್ಪ ಎಂಬ ಯುವಕನ ದೇಹವನ್ನು ಲಾರಿಯೊಂದು ಎರಡು ತುಂಡು ಮಾಡಿತು. ಆ ಸ್ಥಿತಿಯಲ್ಲೂ ಆತ ತನ್ನ ಅಂಗಗಳನ್ನು ಬೇರೆಯವರಿಗೆ ಕೊಡಿರೆಂದು ಸುತ್ತಲಿನವರನ್ನು ಕೇಳಿಕೊಂಡ. ಅವನ ಕಣ್ಣುಗಳನ್ನು ದಾನ ಮಾಡಲಾಯಿತು. ಮರುತಿಂಗಳೇ ರಾಜ್ಯ ಸರಕಾರವು ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ನೀಡುವ ಯೋಜನೆಯನ್ನು ಅವನ ಹೆಸರಿನಲ್ಲೇ ಆರಂಭಿಸಿತು. ಸಾಯುತ್ತಿದ್ದ ಆ ಹುಡುಗ, ತನ್ನ ಕಣ್ಣು ಯಾರಿಗೆ ಹೋಗುತ್ತದೆ, ಅವರ ಹೆಸರೇನು ಎಂದು ಕೇಳಲಿಲ್ಲ. ಬದುಕಿರುವ ನಾವು ಗಾಯಾಳುವಿನ ಹೆಸರು ಕೇಳಿ ಕೈ ಚಾಚುವಂತಾದರೆ ನಾಳೆ ಮಹ್ಶರದಲ್ಲಿ ಯಾವ ಮುಖ ಹೊತ್ತು ನಿಲ್ಲೋಣ?

ಬರುವ ಶುಕ್ರವಾರ

ಪ್ರಿಯ ಸಹೋದರ ಸಹೋದರಿಯರೇ, ಓದಿ ನಿಟ್ಟುಸಿರು ಬಿಟ್ಟು ಪುಟ ತಿರುಗಿಸಿದರೆ ಇದೂ ಒಂದು ಫೋನ್ ಕರೆಯಂತೆಯೇ ಆಗುತ್ತದೆ. ಬರುವ ಶುಕ್ರವಾರ ಜುಮಾ ಮುಗಿದ ಬಳಿಕ ನಿಮ್ಮ ಜಮಾಅತಿನ ಹಿರಿಯರೊಡನೆ ಮಾತಾಡಿ. ಹತ್ತಿರದ ಸರಕಾರಿ ಆಸ್ಪತ್ರೆಯಿಂದ ಬಲ್ಲವರೊಬ್ಬರನ್ನು ಕರೆಸಿ, ಹತ್ತು ಯುವಕರಿಗೆ ಪ್ರಥಮ ಚಿಕಿತ್ಸೆ ಕಲಿಸಲು ಕೇಳಿ. ಮಹಿಳೆಯರಿಗೂ ಕಲಿಸಿ; ಅಡುಗೆಮನೆಯಲ್ಲಿ ಬಿದ್ದ ಅಜ್ಜನ ಬಳಿ ಮೊದಲು ತಲುಪುವವರು ಅವರೇ. ಮಯ್ಯಿತ್ ಮಂಚದ ಪಕ್ಕದಲ್ಲಿ ಒಂದು ಸ್ಟ್ರೆಚರ್ ಇಡಿ. ಪಿಯುಸಿ ಮುಗಿಸಿ ಮುಂದೇನೆಂದು ತಿಳಿಯದೆ ಕುಳಿತ ನಿಮ್ಮ ಮಗನಿಗೋ ಮಗಳಿಗೋ ಪ್ಯಾರಾಮೆಡಿಕಲ್ ಕೋರ್ಸುಗಳಿವೆಯೆಂದು ತಿಳಿಸಿ. ಡಾಕ್ಟರಾಗಲಿಲ್ಲವೆಂದು ಅವರನ್ನು ಹೀಗಳೆಯಬೇಡಿ.

ಆ ಸಂಜೆಗೆ ಇನ್ನೊಮ್ಮೆ ಬನ್ನಿ. ಯುವಕ ಬಿದ್ದಿದ್ದಾನೆ, ಇಪ್ಪತ್ತು ಮಂದಿ ನಿಂತಿದ್ದಾರೆ, ಫೋನ್ ಮಾಡಿ ಆಗಿದೆ. ಆಂಬುಲೆನ್ಸ್ ಬರಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಗಳ ಲೆಕ್ಕವನ್ನು ಸರಕಾರವನ್ನು ಕೇಳಲಾಗದು. ಅವು ನಿಮಗೆ ಸೇರಿದವು. ನಿಮ್ಮ ಹೆಗಲ ಮೇಲಿನ ಶುಭ್ರ ಟವೆಲ್ ಮಡಚಿ ಆ ಗಾಯದ ಮೇಲೆ ಒತ್ತಿ ಹಿಡಿಯಲು ನಿಮಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕರ್ತವ್ಯವನ್ನು ಅರಿಯುವ ಬುದ್ಧಿಯನ್ನೂ, ಅರಿತುದನ್ನು ಸಮಯ ಮೀರುವ ಮುನ್ನ ಮಾಡುವ ತೌಫೀಕನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.